ಕಡಲಾಚೆ ಹೋಗುವ ಪೆಟ್ಟಿಗೆಯಲ್ಲಿ ಏನಿರಬಾರದು, ಏಕೆ

(ಮಕ್ಕಳು, ಮೊಮ್ಮಕ್ಕಳು ವಿದೇಶದಲ್ಲಿ ನೆಲೆಸಿರುವ ಹಿರಿಯರಿಗಾಗಿ ಬೆಂಗಳೂರಿನಲ್ಲಿ ನಡೆದ ಸಭೆಯೊಂದರಲ್ಲಿ, ಕೊರಿಯರ್ ಪಾರ್ಸೆಲ್‌ಗಳ ಕಸ್ಟಮ್ಸ್ ಕೆಲಸ ನೋಡಿಕೊಳ್ಳುವವರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ.)

ಸಭೆಗೆ ಮೊದಲೇ ನೀವು ಬರೆದುಕೊಟ್ಟ ಪ್ರಶ್ನೆಗಳನ್ನು ಓದಿದ್ದೇನೆ. ಹೆಚ್ಚಿನವು ಒಂದೇ ಬಗೆಯವು: ಉಪ್ಪಿನಕಾಯಿ ಕಳುಹಿಸಬಹುದೇ, ಮಾತ್ರೆ ಕಳುಹಿಸಬಹುದೇ, ಅಜ್ಜಿಯ ಕಾಲದ ದೀಪ ಕಳುಹಿಸಬಹುದೇ. ಕಳುಹಿಸಬಾರದ ವಸ್ತುಗಳ ಪಟ್ಟಿಯನ್ನೇ ಕೊಟ್ಟುಬಿಡಿ ಎಂದು ಕೆಲವರು ಕೇಳಿದ್ದೀರಿ. ಎಲ್ಲ ದೇಶಗಳಿಗೂ ಎಲ್ಲ ಕಾಲಕ್ಕೂ ಅನ್ವಯಿಸುವ ಅಂಥ ಪಟ್ಟಿ ಇಲ್ಲ. ಏಕೆಂದರೆ ಒಂದು ಪೆಟ್ಟಿಗೆ ಹೋಗಬಹುದೇ ಇಲ್ಲವೇ ಎಂಬುದನ್ನು ನಾಲ್ವರು ಬೇರೆ ಬೇರೆಯಾಗಿ ತೀರ್ಮಾನಿಸುತ್ತಾರೆ. ಮೊದಲನೆಯದು ವಿಮಾನಯಾನದ ಸುರಕ್ಷತಾ ನಿಯಮ, ಎರಡನೆಯದು ನಮ್ಮ ದೇಶದ ಕಾನೂನು, ಮೂರನೆಯದು ಪೆಟ್ಟಿಗೆ ತಲುಪುವ ದೇಶದ ಕಾನೂನು, ನಾಲ್ಕನೆಯದು ಕೊರಿಯರ್ ಸಂಸ್ಥೆ ತಾನೇ ಮಾಡಿಕೊಂಡ ಕಟ್ಟುಪಾಡು. ಮೂವರು ಒಪ್ಪಿ ಒಬ್ಬರು ಒಪ್ಪದಿದ್ದರೂ ಪೆಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರತಿಯೊಂದು ನಿರ್ಬಂಧ ಯಾವ ಭಯದಿಂದ ಹುಟ್ಟಿತು ಎಂಬುದನ್ನು ತಿಳಿದುಕೊಳ್ಳುವುದು ಹೆಚ್ಚು ಉಪಯುಕ್ತ. ಕಾರಣ ಗೊತ್ತಿದ್ದರೆ, ಯಾರೂ ಹೇಳಿರದ ವಸ್ತುವಿನ ಬಗೆಗೂ ನೀವೇ ಸುಮಾರಾಗಿ ಊಹಿಸಬಲ್ಲಿರಿ.

ವಿಮಾನದಿಂದ ಆರಂಭಿಸೋಣ. 1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಅಟ್ಲಾಂಟಾಕ್ಕೆ ಹೊರಟಿದ್ದ ವ್ಯಾಲ್ಯೂಜೆಟ್ ವಿಮಾನವೊಂದು ಕೆಲವೇ ನಿಮಿಷಗಳಲ್ಲಿ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿಗೆ ಬಿದ್ದು, ಅದರಲ್ಲಿದ್ದ 110 ಜನರೂ ಸತ್ತರು. ಸರಕಿನ ಕೋಣೆಯಲ್ಲಿದ್ದದ್ದು ಹಳೆಯ ವಿಮಾನಗಳಿಂದ ಕಳಚಿದ ರಾಸಾಯನಿಕ ಆಮ್ಲಜನಕ ಉತ್ಪಾದಕಗಳು. ಅವು ಖಾಲಿ ಡಬ್ಬಿಗಳೆಂದು ಕಾಗದದಲ್ಲಿ ಬರೆದಿತ್ತು, ಆದರೆ ಅವು ಖಾಲಿಯಾಗಿರಲಿಲ್ಲ. ಸುರಕ್ಷತಾ ಮುಚ್ಚಳವಿಲ್ಲದ ಆ ಡಬ್ಬಿಗಳಲ್ಲಿ ಒಂದು ಚಾಲೂ ಆಗಿ ಬಿಸಿಯೇರಿತು, ಅದು ಹೊರಬಿಟ್ಟ ಆಮ್ಲಜನಕವೇ ಬೆಂಕಿಗೆ ಆಹಾರವಾಯಿತು. ನಾನು ಈ ಘಟನೆಯನ್ನು ಪ್ರತಿ ಉಪನ್ಯಾಸದಲ್ಲೂ ಹೇಳುವುದಕ್ಕೆ ಕಾರಣವಿದೆ. ಪೆಟ್ಟಿಗೆಯ ಮೇಲಿನ ಕಾಗದದಲ್ಲಿ ಏನು ಬರೆದಿದೆ ಎಂಬುದರ ಮೇಲೆ, ಆ ಪೆಟ್ಟಿಗೆಯನ್ನು ಎಂದೂ ಕಾಣದ ಜನರ ಪ್ರಾಣ ನಿಂತಿರುತ್ತದೆ.

ಅಂತರರಾಷ್ಟ್ರೀಯ ನಿಯಮಗಳು ಅಪಾಯಕಾರಿ ಸರಕನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿವೆ. ಸ್ಫೋಟಕ, ಅನಿಲ, ಉರಿಯುವ ದ್ರವ, ಉರಿಯುವ ಘನ, ಆಮ್ಲಜನಕ ಬಿಡುವ ವಸ್ತು, ವಿಷ ಮತ್ತು ಸೋಂಕು, ವಿಕಿರಣ, ಲೋಹವನ್ನೇ ಕೊರೆಯುವ ಆಮ್ಲದಂಥವು, ಕೊನೆಗೆ ಇತರೆ. ಇವುಗಳಲ್ಲಿ ಯಾವುದೂ ನಮ್ಮ ಮನೆಯಲ್ಲಿಲ್ಲ ಎಂದು ನಿಮಗೆ ಅನಿಸಬಹುದು. ಆದರೆ ದೇವರ ಕೋಣೆಗೆ ಹೋಗಿ ನೋಡಿ. ಕರ್ಪೂರವು ಉರಿಯುವ ಘನವಸ್ತುಗಳ ವರ್ಗಕ್ಕೆ ಸೇರುತ್ತದೆ, ಬೆಂಕಿಪೊಟ್ಟಣವೂ ಅದೇ ವರ್ಗದ್ದು. ಗೃಹಪ್ರವೇಶಕ್ಕೆಂದು ಮಗಳಿಗೆ ಕಳುಹಿಸುವ ಪೂಜಾ ಸಾಮಗ್ರಿಯಲ್ಲಿ ಅರಿಸಿನ, ಕುಂಕುಮ, ಹತ್ತಿಯ ಬತ್ತಿ, ಹಿತ್ತಾಳೆ ಗಂಟೆ ಎಲ್ಲವೂ ಸರಿಯಾಗಿದ್ದು, ನಡುವೆ ಐವತ್ತು ಗ್ರಾಂ ಕರ್ಪೂರದ ಡಬ್ಬಿ ಸಿಕ್ಕಿ ಇಡೀ ಪೆಟ್ಟಿಗೆ ಹಿಂದಿರುಗುವುದನ್ನು ನಾವು ಮೇಲಿಂದ ಮೇಲೆ ನೋಡುತ್ತೇವೆ. ದೀಪಾವಳಿಯ ಸುರುಸುರುಬತ್ತಿ ಸ್ಫೋಟಕಗಳ ವರ್ಗದ್ದು. ಅತ್ತರು, ಸೆಂಟು, ಉಗುರುಬಣ್ಣ, ಸ್ಯಾನಿಟೈಸರ್ ಉರಿಯುವ ದ್ರವಗಳು. ಒತ್ತಡ ತುಂಬಿದ ಯಾವುದೇ ಸ್ಪ್ರೇ ಡಬ್ಬಿ ಅನಿಲಗಳ ವರ್ಗಕ್ಕೆ ಬರುತ್ತದೆ.

ಈಗ ಹೇಳುವ ವಸ್ತು ನಿಮಗೆ ಅಚ್ಚರಿ ಎನಿಸಬಹುದು: ಕೊಬ್ಬರಿ. ವಿಶ್ವಸಂಸ್ಥೆಯ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಒಣಕೊಬ್ಬರಿಗೆ 1363 ಎಂಬ ಸಂಖ್ಯೆಯಿದೆ, ಅದರ ವರ್ಗ 'ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತು'. ತಿಪಟೂರು ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಹಾಗೆಯೇ ಬಿಟ್ಟು, ಒಳಗಿನ ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು ಗುಂಡಾಗುವ ತನಕ ಕಾಯುತ್ತಾರೆ ಎಂಬುದು ನಿಮಗೆ ಗೊತ್ತು. ಆ ಗುಂಡಿನಲ್ಲಿ ಎಣ್ಣೆಯ ಅಂಶ ಬಹಳ. ಎಣ್ಣೆ ಗಾಳಿಯೊಡನೆ ಬೆರೆತಾಗ ಸಣ್ಣಗೆ ಶಾಖ ಹುಟ್ಟುತ್ತದೆ, ತೇವ ಉಳಿದಿದ್ದರೆ ಬೂಷ್ಟು ಬೆಳೆದು ಆ ಶಾಖ ಇನ್ನಷ್ಟು ಹೆಚ್ಚುತ್ತದೆ, ಗಾಳಿಯಾಡದ ಕಡೆ ರಾಶಿಯಾಗಿ ಬಿದ್ದಿದ್ದರೆ ಆ ಶಾಖಕ್ಕೆ ಹೊರಹೋಗಲು ದಾರಿಯಿರುವುದಿಲ್ಲ. ಹಡಗುಗಳ ಒಡಲಿನಲ್ಲಿ ಕೊಬ್ಬರಿ ತುಂಬಿ ಸಾಗಿಸುತ್ತಿದ್ದ ಕಾಲದಿಂದಲೂ ಈ ಅಪಾಯ ತಿಳಿದದ್ದೇ. ನಿಮ್ಮ ಪೆಟ್ಟಿಗೆಯಲ್ಲಿರುವ ಎರಡು ಗಿಟುಕು ಹೊತ್ತಿಕೊಳ್ಳುವುದಿಲ್ಲ ಎಂದು ನೀವು ವಾದಿಸಬಹುದು, ಆದರೆ ಅದೇ ವಿಮಾನದಲ್ಲಿ ಇನ್ನೆಷ್ಟು ಪೆಟ್ಟಿಗೆಗಳಲ್ಲಿ ಎಷ್ಟು ಕೊಬ್ಬರಿಯಿದೆ ಎಂಬುದನ್ನು ಲೆಕ್ಕವಿಡಲು ಯಾರಿಗೂ ಸಾಧ್ಯವಿಲ್ಲ. ಹೀಗಾಗಿಯೇ ಪ್ರಯಾಣಿಕರ ದೊಡ್ಡ ಬ್ಯಾಗಿನಲ್ಲಿಯೂ ಹಲವು ವಿಮಾನ ಸಂಸ್ಥೆಗಳು ಕೊಬ್ಬರಿಯನ್ನು ಬಿಡುವುದಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲ ಕಳುಹಿಸುವವರು ಕೊಬ್ಬರಿಯ ಚೂರನ್ನು ಬೆರೆಸದೆ ಕಳುಹಿಸಿ. ಅದನ್ನು ಮಕ್ಕಳು ಅಲ್ಲಿಯೇ ಕೊಂಡು ಬೆರೆಸಿಕೊಳ್ಳಲಿ. ಎಳ್ಳುಬೆಲ್ಲದ ಮಾತು ಇನ್ನೊಮ್ಮೆ ಬರುತ್ತದೆ.

ಬ್ಯಾಟರಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಜರ್ಮನಿಯ ಕಲೋನ್‌ಗೆ ಹೊರಟ ಯುಪಿಎಸ್ ಸಂಸ್ಥೆಯ ಸರಕು ವಿಮಾನದಲ್ಲಿ ಬೆಂಕಿ ಹೊತ್ತಿ, ಹೊಗೆಯಲ್ಲಿ ಉಪಕರಣಗಳೇ ಕಾಣದಂತಾಗಿ, ಇಬ್ಬರು ಪೈಲಟ್‌ಗಳೂ ಸತ್ತರು. ಆ ವಿಮಾನದಲ್ಲಿ ಲಿಥಿಯಂ ಬ್ಯಾಟರಿಗಳು ದೊಡ್ಡ ಪ್ರಮಾಣದಲ್ಲಿದ್ದವು, ಅವುಗಳಲ್ಲಿ ಕೆಲವನ್ನು ಅಪಾಯಕಾರಿ ಸರಕೆಂದು ಘೋಷಿಸಿಯೇ ಇರಲಿಲ್ಲ ಎಂದು ತನಿಖೆ ಕಂಡುಕೊಂಡಿತು. ಲಿಥಿಯಂ ಬ್ಯಾಟರಿಯ ಒಳಗಿನ ಒಂದು ಕೋಶ ಕೆಟ್ಟು ಬಿಸಿಯಾದರೆ ಪಕ್ಕದ ಕೋಶವನ್ನೂ ಬಿಸಿಮಾಡುತ್ತದೆ, ಹೀಗೆ ಒಂದರಿಂದ ಇನ್ನೊಂದಕ್ಕೆ ಹರಡುವ ಬೆಂಕಿಯನ್ನು ಸರಕು ಕೋಣೆಯ ಸಾಮಾನ್ಯ ಅಗ್ನಿಶಾಮಕ ಅನಿಲ ಹತೋಟಿಗೆ ತರಲಾರದು. ಆದ್ದರಿಂದ 2016ರ ಏಪ್ರಿಲ್ 1ರಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದು ನಿಷಿದ್ಧ. ಸರಕು ವಿಮಾನದಲ್ಲಿ ಹೋಗುವಾಗಲೂ ಚಾರ್ಜ್ ಶೇಕಡಾ 30ನ್ನು ಮೀರಬಾರದು. ಪವರ್ ಬ್ಯಾಂಕ್ ಎಂದರೆ ನಿಯಮದ ದೃಷ್ಟಿಯಲ್ಲಿ ಬಿಡಿ ಬ್ಯಾಟರಿಯೇ. 'ನಾನು ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಪವರ್ ಬ್ಯಾಂಕ್ ಬಿಡುತ್ತಾರಲ್ಲ' ಎಂದು ಕೇಳುವಿರಿ. ಕೈಚೀಲದಲ್ಲಿ ಬಿಡುವುದಕ್ಕೆ ಕಾರಣ, ಅಲ್ಲಿ ಹೊಗೆ ಬಂದರೆ ನೋಡುವವರೂ ಆರಿಸುವವರೂ ಪಕ್ಕದಲ್ಲೇ ಇರುತ್ತಾರೆ ಎಂಬುದು. ಸರಕು ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಎರಡನೆಯದು ನಮ್ಮದೇ ಕಾನೂನು. 1962ರ ಕಸ್ಟಮ್ಸ್ ಕಾಯ್ದೆ ಮತ್ತು 1992ರ ವಿದೇಶ ವ್ಯಾಪಾರ ಕಾಯ್ದೆಗಳ ಅಡಿಯಲ್ಲಿ ಯಾವುದು ದೇಶದಿಂದ ಹೊರಗೆ ಹೋಗಬಾರದು ಎಂಬುದು ನಿರ್ಧಾರವಾಗಿದೆ. ಕರ್ನಾಟಕದವರಾದ ನಮಗೆ ಮೊದಲು ನೆನಪಾಗುವುದು ಶ್ರೀಗಂಧ. ಗಂಧದ ಕೊರಡು, ತುಂಡು, ಚಕ್ಕೆಗಳನ್ನು ಕಳುಹಿಸುವಂತಿಲ್ಲ; ಕೆತ್ತನೆ ಮುಗಿದ ಕರಕುಶಲ ವಸ್ತುಗಳಿಗೆ ಈ ನಿರ್ಬಂಧವಿಲ್ಲ. ಮೊಮ್ಮಗನ ಉಪನಯನಕ್ಕೆ ತೇಯಲು ಗಂಧದ ಕೊರಡು ಬೇಕು ಎಂದವರಿಗೆ ನಾನು ಹೇಳುವ ಉತ್ತರ ಇಷ್ಟೇ: ಅಧಿಕೃತ ಮಳಿಗೆಯಿಂದ ರಸೀದಿಯೊಂದಿಗೆ ಕೊಂಡ ಗಂಧದ ವಿಗ್ರಹ ಹೋಗಬಹುದು, ಆ ಕೊರಡು ಹೋಗದು. ರಕ್ತಚಂದನದ ವಿಷಯದಲ್ಲಿ ಇನ್ನೂ ಬಿಗಿಯಿದೆ. ಆ ಮರ ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಪಟ್ಟಿಯಲ್ಲಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಗ್ಗೆ 2023ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಹುಲಿಯುಗುರಿನ ಪದಕಗಳ ಪ್ರಕರಣಗಳು ಸುದ್ದಿಯಾದ ಮೇಲೆ ಜನರಿಗೆ ಸ್ವಲ್ಪ ಅರಿವು ಬಂದಿದೆ. ಹುಲಿಯುಗುರು, ಜಿಂಕೆಯ ಕೊಂಬು, ಕೃಷ್ಣಾಜಿನ, ದಂತದ ಪೆಟ್ಟಿಗೆ ಇವು ತಲೆಮಾರುಗಳಿಂದ ಮನೆಯಲ್ಲಿದ್ದರೂ ಪಾರ್ಸೆಲ್‌ನಲ್ಲಿ ಹೋಗುವಂತಿಲ್ಲ. ಹೆಚ್ಚು ಜನ ಎಡವುವುದು ನವಿಲುಗರಿಯಲ್ಲಿ. ತಾನಾಗಿ ಉದುರಿದ ಗರಿಯನ್ನು ಇಲ್ಲಿ ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಕಾನೂನು ಅಡ್ಡಿಪಡಿಸುವುದಿಲ್ಲವಾದರೂ ಅದನ್ನು ರಫ್ತು ಮಾಡುವುದು ನಿಷಿದ್ಧ. ಕೃಷ್ಣಜನ್ಮಾಷ್ಟಮಿಗೆ ಮಗುವಿಗೆ ತೊಡಿಸುವ ಕಿರೀಟದಲ್ಲಿ ಒಂದು ಗರಿ ಸಿಕ್ಕಿಸಿದ್ದರೂ ಅದು ನಿಷಿದ್ಧ ವಸ್ತುವೇ. ಕಾಗದದ ಗರಿ ಅಂಟಿಸಿ ಕಳುಹಿಸಿ.

ಹಳೆಯ ವಸ್ತುಗಳ ಕುರಿತು ಬಂದ ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರಿಸುತ್ತೇನೆ. ಪುರಾತನ ವಸ್ತುಗಳ 1972ರ ಕಾಯ್ದೆಯಂತೆ ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ನಾಣ್ಯ, ಕೆತ್ತನೆಗಳು ಪುರಾತನ ವಸ್ತುಗಳು. ಸಾಹಿತ್ಯ, ಶಾಸ್ತ್ರ ಅಥವಾ ಇತಿಹಾಸದ ದೃಷ್ಟಿಯಿಂದ ಮೌಲ್ಯವುಳ್ಳ ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷ ಸಾಕು. ಇವುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಮಲೆನಾಡಿನ, ಕರಾವಳಿಯ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇಂದಿಗೂ ತಾಳೆಗರಿಯ ಕಟ್ಟುಗಳಿವೆ. ವಿದೇಶದಲ್ಲಿರುವ ಮಗ ಅದನ್ನು ಜೋಪಾನ ಮಾಡುತ್ತಾನೆ ಎಂಬ ಒಳ್ಳೆಯ ಭಾವನೆಯಿಂದ ಕಳುಹಿಸಲು ಹೊರಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಅಪರಾಧ ಎಂಬುದು ಒಂದು ಮಾತು, ಆ ಓಲೆಗಳು ಈ ನೆಲದ ವಿದ್ವಾಂಸರಿಗೆ ಕೈಗೆಟುಕದಂತಾಗುತ್ತವೆ ಎಂಬುದು ಅದಕ್ಕಿಂತ ದೊಡ್ಡ ಮಾತು. ಅದರ ಫೋಟೋ ತೆಗೆದು ಕಳುಹಿಸಬಹುದು. ಹೊಸದಾಗಿದ್ದೂ ಹಳೆಯದರಂತೆ ಕಾಣುವ ಕಂಚಿನ ವಿಗ್ರಹವನ್ನು ಕಳುಹಿಸುವವರು ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆದಿರಬೇಕು. ನೋಟುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆಶೀರ್ವಾದದ ಲಕೋಟೆಯಲ್ಲಿ ನೂರೊಂದು ರೂಪಾಯಿಯನ್ನೂ ಇಡಬೇಡಿ.

ಮೂರನೆಯದು ತಲುಪುವ ದೇಶದ ಕಾನೂನು. ನಮ್ಮವರಿಗೆ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಇದೇ, ಏಕೆಂದರೆ ಇಲ್ಲಿ ತೀರಾ ಸಾಮಾನ್ಯವಾದ ಅಡುಗೆ ವಸ್ತು ಅಲ್ಲಿ ಅಪರಾಧವಾಗಬಹುದು. ಗಸಗಸೆಯನ್ನೇ ನೋಡಿ. ಹಬ್ಬದ ಪಾಯಸಕ್ಕೆ, ಸಾಗುವಿಗೆ ನಾವು ನಿತ್ಯ ಬಳಸುವ ಬೀಜ ಅದು. ಆದರೆ ಅದು ಅಫೀಮಿನ ಗಿಡದ ಬೀಜ, ಕಾಯಿಯ ಹಾಲು ಅಂಟಿಕೊಂಡಿರುವುದರಿಂದ ಮಾರ್ಫೀನ್‌ನಂಥ ಅಂಶ ಲೇಶಮಾತ್ರ ಅದರಲ್ಲಿ ಇರುತ್ತದೆ. ಸಂಯುಕ್ತ ಅರಬ್ ಸಂಸ್ಥಾನ ಮತ್ತು ಸೌದಿ ಅರೇಬಿಯಾ ಗಸಗಸೆಯನ್ನು ಮಾದಕವಸ್ತುವಿನ ಸಾಲಿನಲ್ಲಿಟ್ಟು ನಿಷೇಧಿಸಿವೆ, ಸಿಂಗಪುರವೂ ಅದನ್ನು ಹಾಗೆ ಒಳಗೆ ಬಿಡುವುದಿಲ್ಲ. ದುಬೈಯಲ್ಲಿರುವ ಸೊಸೆಗೆ ಕಳುಹಿಸುವ ಸಾಂಬಾರು ಸಾಮಗ್ರಿಯಲ್ಲಿ ಗಸಗಸೆಯ ಪೊಟ್ಟಣ ಸೇರಿದರೆ ಪೊಲೀಸರೆದುರು ನಿಲ್ಲಬೇಕಾಗುವುದು ಪೆಟ್ಟಿಗೆಯನ್ನು ಪಡೆಯುವ ಅವಳು. ಕಳುಹಿಸಿದ ನೀವು ಇಲ್ಲಿರುತ್ತೀರಿ.

ಔಷಧಿಗೂ ಇದೇ ಮಾತು ಅನ್ವಯಿಸುತ್ತದೆ. ನಿದ್ರೆಯ ಮಾತ್ರೆ, ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್, ನೋವಿನ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಇವೆಲ್ಲ 1985ರ ನಮ್ಮ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬರುವ ಪದಾರ್ಥಗಳು; ಟ್ರಮಡಾಲ್ ಆ ಪಟ್ಟಿಗೆ ಸೇರಿದ್ದು 2018ರಲ್ಲಿ. ಜಪಾನಿನಲ್ಲಿ ನೆಗಡಿಯ ಮಾತ್ರೆಯಲ್ಲಿರುವ ಸೂಡೋಎಫೆಡ್ರಿನ್ ಶೇಕಡಾ ಹತ್ತನ್ನು ಮೀರಿದರೆ ಒಳಗೆ ಬಿಡುವುದಿಲ್ಲ. ರಕ್ತದೊತ್ತಡ, ಮಧುಮೇಹದಂಥ ಸಾಮಾನ್ಯ ಮಾತ್ರೆಗಳನ್ನು ಕಳುಹಿಸುವುದಾದರೂ ವೈದ್ಯರ ಚೀಟಿ, ಅಂಗಡಿಯ ಬಿಲ್ಲು, ಮೂಲ ಹಾಳೆಯ ಹೊದಿಕೆ ಮೂರೂ ಇರಬೇಕು, ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕಬಾರದು. ಎಲ್ಲಕ್ಕಿಂತ ಮೊದಲು, ಅಲ್ಲಿಯ ವೈದ್ಯರು ಅದೇ ಔಷಧವನ್ನು ಬರೆದುಕೊಡಬಲ್ಲರೇ ಎಂದು ವಿಚಾರಿಸಿ.

ಕರಿಬೇವಿನ ಕಥೆ ಬೇರೆ. ಅಮೆರಿಕಕ್ಕೆ ಹಸಿ ಕರಿಬೇವನ್ನು ಕಳುಹಿಸಬಾರದು ಎಂದಾಗ ಜನ ಬೇಸರಪಡುತ್ತಾರೆ. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೇ ಸೇರಿದ ಗಿಡ. ಕಿತ್ತಳೆಯ ಎಲೆ ಹಳದಿಯಾಗಿಸಿ, ಕಾಯಿ ಹಣ್ಣಾಗದೆ ಉದುರುವಂತೆ ಮಾಡುವ ಹಸಿರು ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವ ಪುಟ್ಟ ಕೀಟಕ್ಕೆ ಕರಿಬೇವು ಬಲು ಪ್ರಿಯ. ಎಸಳಿನ ಬುಡದಲ್ಲಿ ಅದರ ಮೊಟ್ಟೆ ಕಣ್ಣಿಗೆ ಕಾಣುವುದೇ ಇಲ್ಲ. ಫ್ಲಾರಿಡಾದಲ್ಲಿ ಈ ಕೀಟ 1998ರಲ್ಲಿ, ರೋಗ 2005ರಲ್ಲಿ ಕಾಣಿಸಿಕೊಂಡವು. ಆಮೇಲೆ ಈ ರೋಗವೂ ಚಂಡಮಾರುತಗಳೂ ಸೇರಿ ಅಲ್ಲಿಯ ಕಿತ್ತಳೆ ಇಳುವರಿಯನ್ನು ಹಿಂದಿನ ಹತ್ತನೆಯ ಒಂದು ಪಾಲಿಗಿಂತಲೂ ಕೆಳಗೆ ಇಳಿಸಿವೆ. ಇದೇ ರೋಗ ನಮ್ಮ ಕೊಡಗಿನ ಕಿತ್ತಳೆ ತೋಟಗಳನ್ನೂ ಕಾಡಿದೆಯಾದ್ದರಿಂದ ಅವರ ಭಯವನ್ನು ಅರ್ಥಮಾಡಿಕೊಳ್ಳುವುದು ನಮಗೆ ಕಷ್ಟವಾಗಬಾರದು.

ಆಸ್ಟ್ರೇಲಿಯಾದ ಭಯಕ್ಕೆ ಖಪ್ರಾ ದುಂಬಿ ಕಾರಣ. ನಮ್ಮ ಉಪಖಂಡವೇ ಇದರ ತವರೆಂದು ಹೇಳುತ್ತಾರೆ. ಧಾನ್ಯದ ಗೋದಾಮಿಗೆ ಹೊಕ್ಕರೆ ಇದನ್ನು ನಿರ್ಮೂಲ ಮಾಡುವುದು ಬಹಳ ಕಷ್ಟ, ಏಕೆಂದರೆ ಇದರ ಹುಳು ಬಿರುಕುಗಳಲ್ಲಿ ಅಡಗಿ ಆಹಾರವಿಲ್ಲದೆಯೂ ವರ್ಷಗಟ್ಟಲೆ ಬದುಕಬಲ್ಲದು. 2020ರ ಅಕ್ಟೋಬರ್‌ನಿಂದ ಆಸ್ಟ್ರೇಲಿಯಾ ಈ ದುಂಬಿಯ ಅಪಾಯವಿರುವ ಧಾನ್ಯ, ಬೇಳೆ, ಬೀಜಗಳನ್ನು ಅಂಚೆಯ ಮೂಲಕ ಮತ್ತು ಪ್ರಯಾಣಿಕರ ಸಾಮಾನಿನಲ್ಲಿ ತರುವುದನ್ನು ನಿಷೇಧಿಸಿದೆ; ಕಡಿಮೆ ಬೆಲೆಯ ಸರಕಿಗೆ ಆ ನಿಷೇಧ ಅದಕ್ಕೂ ತುಸು ಮೊದಲೇ ಬಂದಿತ್ತು. ಅಕ್ಕಿ, ತೊಗರಿ, ಹೆಸರು, ಕಡಲೆ, ಕಡಲೆಕಾಯಿ ಬೀಜ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಎಲ್ಲವೂ ಅದರಲ್ಲಿವೆ, ಎಂದರೆ ಬ್ಯಾಡಗಿ ಮೆಣಸಿನಕಾಯಿಯೂ ಸೇರಿದಂತೆ ನಮ್ಮ ಸಾಂಬಾರಿನ ಮೂಲ ಸಾಮಗ್ರಿಯ ದೊಡ್ಡ ಪಾಲು. ಕಾರ್ಖಾನೆಯಲ್ಲಿ ಹುರಿದು, ಬೇಯಿಸಿ, ಪೊಟ್ಟಣ ಕಟ್ಟಿದ್ದಕ್ಕೆ ವಿನಾಯಿತಿಯಿದೆ, ಮನೆಯ ಬಾಣಲೆಯಲ್ಲಿ ಹುರಿದದ್ದಕ್ಕೆ ಆ ವಿನಾಯಿತಿ ಸಿಗದು. ಈಗ ಎಳ್ಳುಬೆಲ್ಲಕ್ಕೆ ಮರಳೋಣ. ಕೊಬ್ಬರಿಯನ್ನು ವಿಮಾನ ತಡೆಯಿತು. ಸಿಡ್ನಿಗೆ ಹೋಗುವ ಪೊಟ್ಟಣವಾದರೆ ಮನೆಯಲ್ಲಿ ಹುರಿದ ಕಡಲೆಕಾಯಿ ಬೀಜವನ್ನು ಆ ದೇಶ ತಡೆಯುತ್ತದೆ. ಅದೇ ಪೊಟ್ಟಣದ ಸಕ್ಕರೆ ಅಚ್ಚಿಗೆ ಯಾರ ತಕರಾರೂ ಇಲ್ಲ. ಅಮೆರಿಕವೂ ಇದೇ ದುಂಬಿಯ ಕಾರಣಕ್ಕೆ ಭಾರತದಿಂದ ಪಾರ್ಸೆಲ್‌ನಲ್ಲಿ ಬರುವ ಅಕ್ಕಿಯನ್ನು ಬಿಡುವುದಿಲ್ಲ. ಸೋನಾ ಮಸೂರಿ ಅಲ್ಲಿಯ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿರುವಾಗ ಕಳುಹಿಸುವ ಅಗತ್ಯವೂ ಇಲ್ಲ.

ಬ್ರಿಟನ್ ಮತ್ತು ಯುರೋಪಿನ ದೇಶಗಳು ಹಾಲು, ಮಾಂಸಗಳಿಂದಾದ ವಸ್ತುಗಳನ್ನು ತಡೆಯುವುದು ಕಾಲುಬಾಯಿ ಜ್ವರದ ಭಯದಿಂದ. 2001ರಲ್ಲಿ ಬ್ರಿಟನ್ನಿನಲ್ಲಿ ಆ ರೋಗ ಹರಡಿದಾಗ ಅರವತ್ತು ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಲ್ಲಬೇಕಾಯಿತು. ಹಳ್ಳಿಯಲ್ಲಿ ದನ ಸಾಕಿದವರಿಗೆ ಆ ರೋಗದ ನೋವನ್ನು ನಾನು ವಿವರಿಸಬೇಕಾಗಿಲ್ಲ. ಮನೆಯ ತುಪ್ಪ, ಧಾರವಾಡ ಪೇಡದಂಥ ಖೋವಾದ ಸಿಹಿಗಳು ಆ ದೇಶಗಳಿಗೆ ಬೇಡ. ಚಕ್ಕುಲಿ, ಕೋಡುಬಳೆಯಂಥ ಎಣ್ಣೆಯಲ್ಲಿ ಕರಿದ ತಿಂಡಿಗೆ ಆ ಅಡ್ಡಿಯಿಲ್ಲ. ಅಮೆರಿಕಕ್ಕೆ ಆಹಾರ ಕಳುಹಿಸುವಾಗ ಅಲ್ಲಿಯ ಆಹಾರ ಮತ್ತು ಔಷಧ ಇಲಾಖೆಗೆ ಮುಂಗಡ ಸೂಚನೆ ಕೊಡಬೇಕೆಂಬ ನಿಯಮವಿದೆ. ಒಬ್ಬರು ತಮ್ಮ ಮನೆಯಲ್ಲೇ ತಯಾರಿಸಿ ಇನ್ನೊಬ್ಬರಿಗೆ ಉಡುಗೊರೆಯಾಗಿ ಕಳುಹಿಸುವ ತಿಂಡಿಗೆ ಆ ಸೂಚನೆಯಿಂದ ವಿನಾಯಿತಿ ಇದೆ ಎಂಬುದು ತಾಯಂದಿರಿಗೆ ಸಂತೋಷದ ಸಂಗತಿ. ಅಂಗಡಿಯಿಂದ ಕೊಂಡ ತಿಂಡಿ ಆ ವಿನಾಯಿತಿಗೆ ಒಳಪಡುವುದಿಲ್ಲ.

ಕೊರಿಯರ್ ಸಂಸ್ಥೆಗಳ ಸ್ವಂತ ಕಟ್ಟುಪಾಡುಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಚಿನ್ನದ ಒಡವೆ, ದ್ರವ, ಬೇಗ ಕೆಡುವ ಆಹಾರ ಇವುಗಳನ್ನು ಕಾನೂನು ಒಪ್ಪಿದರೂ ಎಷ್ಟೋ ಸಂಸ್ಥೆಗಳು ಒಪ್ಪುವುದಿಲ್ಲ. ಉಪ್ಪಿನಕಾಯಿಯ ಎಣ್ಣೆ ಸೋರಿ ಪಕ್ಕದವರ ಸೀರೆಯನ್ನೋ ಪುಸ್ತಕವನ್ನೋ ಹಾಳುಮಾಡಿದರೆ ಪರಿಹಾರ ಕೊಡಬೇಕಾದವರು ಅವರು. ಒಂದು ಸಂಸ್ಥೆ ಬೇಡ ಎಂದದ್ದನ್ನು ಇನ್ನೊಂದು ಸಂಸ್ಥೆ ಎರಡು ಪದರದ ಮುದ್ರೆ ಹಾಕಿಸಿ ಒಯ್ಯಬಹುದು, ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಆದರೆ ಏನು ತಂದರೂ 'ನಡೆಯುತ್ತದೆ, ಬಿಡಿ' ಎನ್ನುವ ಬಡಾವಣೆಯ ಏಜೆಂಟರ ಬಗ್ಗೆ ನನಗೆ ನಿಜವಾದ ಸಿಟ್ಟಿದೆ. ಅವರು ಬ್ಯಾಟರಿಯಿರುವ ಆಟಿಕೆ, ಮಾತ್ರೆ, ಬೇಳೆ ಎಲ್ಲವನ್ನೂ ಒಟ್ಟಿಗೆ ತುಂಬಿ, ಕಾಗದದಲ್ಲಿ 'ಗೃಹಬಳಕೆಯ ವಸ್ತುಗಳು' ಎಂದು ಬರೆದು, ಬೆಲೆಯನ್ನು ಮನಸ್ಸಿಗೆ ಬಂದಷ್ಟು ಇಳಿಸುತ್ತಾರೆ. ಆ ಘೋಷಣೆಯ ಕೆಳಗೆ ಇರುವುದು ನಿಮ್ಮ ಹೆಸರು, ನಿಮ್ಮ ಆಧಾರ್ ಪ್ರತಿ. ಬೆಲೆಯ ವಿಷಯ ಈಚೆಗೆ ಇನ್ನೂ ಮುಖ್ಯವಾಗಿದೆ. ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ನೀಡುತ್ತಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ನಮ್ಮ ಅಂಚೆ ಇಲಾಖೆಯೂ ಆ ತಿಂಗಳು ಅಲ್ಲಿಗೆ ಹೆಚ್ಚಿನ ಪಾರ್ಸೆಲ್‌ಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಆರಂಭಿಸಿತು. ಬೆಲೆಯನ್ನು ಬೇಕೆಂದೇ ಇಳಿಸಿ ಬರೆದದ್ದು ಪತ್ತೆಯಾದರೆ ಸುಂಕದ ಜೊತೆಗೆ ದಂಡವೂ ಬೀಳಬಹುದು.

ಘೋಷಣೆಯನ್ನು ಹೇಗೆ ಬರೆಯಬೇಕು? 'ತಿಂಡಿ' ಎಂದು ಬರೆದರೆ ಅಧಿಕಾರಿ ಪೆಟ್ಟಿಗೆ ತೆರೆಯಲೇಬೇಕಾಗುತ್ತದೆ. 'ಅಕ್ಕಿಹಿಟ್ಟಿನ ಚಕ್ಕುಲಿ, ಎಣ್ಣೆಯಲ್ಲಿ ಕರಿದದ್ದು, ಮನೆಯಲ್ಲಿ ತಯಾರಿಸಿದ್ದು, ಒಂದು ಕಿಲೋ, ಮಾರಾಟಕ್ಕಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದರೆ ಅವನಿಗೆ ಬೇಕಾದ ಉತ್ತರವೆಲ್ಲ ಅಲ್ಲಿಯೇ ಇರುತ್ತದೆ. 'ಪುಡಿ' ಎಂದಷ್ಟೇ ಬರೆಯಬೇಡಿ. ಯಾವ ಪುಡಿ, ಅದರಲ್ಲಿ ಏನೇನಿದೆ ಎಂದು ಬರೆಯಿರಿ; ಎಕ್ಸ್‌ರೇ ಪರದೆಯ ಮೇಲೆ ಹೆಸರಿಲ್ಲದ ಪುಡಿ ಯಾರಿಗೂ ನೆಮ್ಮದಿ ಕೊಡುವುದಿಲ್ಲ. ಪ್ರತಿ ಪೊಟ್ಟಣದ ಮೇಲೂ ಚೀಟಿ ಅಂಟಿಸಿ. ಆಟಿಕೆಯ ಬ್ಯಾಟರಿಯನ್ನು ತೆಗೆದು ಮನೆಯಲ್ಲೇ ಇಟ್ಟುಕೊಳ್ಳಿ. ಸಂದೇಹವಿರುವ ಒಂದು ವಸ್ತುವನ್ನು ಉಳಿದ ಹತ್ತರ ಜೊತೆ ಸೇರಿಸಬೇಡಿ, ಒಂದು ತಪ್ಪು ವಸ್ತುವಿಗಾಗಿ ಇಡೀ ಪೆಟ್ಟಿಗೆ ನಿಲ್ಲುತ್ತದೆ.

ಅಲ್ಲಿಂದ ಇಲ್ಲಿಗೆ ಬರುವ ಪೆಟ್ಟಿಗೆಗಳ ಬಗ್ಗೆಯೂ ಒಬ್ಬರು ಕೇಳಿದ್ದಾರೆ. ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗೆ ಸುಂಕವಿಲ್ಲ ಎಂಬ ಹಳೆಯ ಮಾತನ್ನು ಈಗಲೂ ನಂಬಿದವರಿದ್ದಾರೆ. ಆ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು, ರಾಖಿಗೂ ಜೀವರಕ್ಷಕ ಔಷಧಕ್ಕೂ ಮಾತ್ರ ಉಳಿದಿದೆ. ಮೊಮ್ಮಕ್ಕಳು ಪ್ರೀತಿಯಿಂದ ಕಳುಹಿಸುವ ಡ್ರೋನ್ ಬರುವಂತಿಲ್ಲ, 2022ರ ಫೆಬ್ರುವರಿಯಿಂದ ಅದರ ಆಮದು ನಿಷಿದ್ಧ. ಇ-ಸಿಗರೇಟ್ 2019ರಿಂದ ನಿಷಿದ್ಧ. ನಮ್ಮ ಗಡಿಯನ್ನು ತಪ್ಪಾಗಿ ತೋರಿಸುವ ಗ್ಲೋಬ್, ಭೂಪಟಗಳನ್ನೂ ಕಸ್ಟಮ್ಸ್ ತಡೆಯುತ್ತದೆ.

ಪೆಟ್ಟಿಗೆ ನಿಂತರೆ ಏನಾಗುತ್ತದೆ ಎಂಬುದು ಉಳಿದಿದೆ. ಸಾಮಾನ್ಯವಾಗಿ ಕೊರಿಯರ್ ಸಂಸ್ಥೆಯೇ ಬಿಲ್ಲಿನ ಸಂಖ್ಯೆಯನ್ನು ಹೇಳಿ, ಯಾವ ವಸ್ತುವಿಗೆ ಯಾವ ಕಾಗದ ಬೇಕು ಎಂದು ಕೇಳುತ್ತದೆ. ಕಾಗದ ಒದಗಿಸಲಾಗದಿದ್ದರೆ ಆ ವಸ್ತುವನ್ನು ಹಿಂದಕ್ಕೆ ತರಿಸಿಕೊಳ್ಳಬಹುದು, ಇಲ್ಲವೇ ನಾಶಪಡಿಸಲು ಒಪ್ಪಿಗೆ ಕೊಡಬಹುದು. ಎರಡಕ್ಕೂ ಆಗುವ ವೆಚ್ಚ ಸಾಮಾನ್ಯವಾಗಿ ಕಳುಹಿಸಿದವರ ಮೇಲೆಯೇ ಬೀಳುತ್ತದೆ. ದಂಡವಿದ್ದರೆ ಬರಹದಲ್ಲಿ ನೋಟಿಸ್ ಬರುತ್ತದೆ, ಹಣ ಕಟ್ಟಿದ್ದಕ್ಕೆ ಸರ್ಕಾರದ ರಸೀದಿ ಸಿಗುತ್ತದೆ. ನಿಮ್ಮ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ವಿಡಿಯೊ ಕರೆಯಲ್ಲೇ ಕೂತಿರಿ, ಮನೆಯವರಿಗೂ ಹೇಳಬೇಡಿ, ಈ ಖಾತೆಗೆ ಹಣ ಹಾಕಿ ಎಂದು ಯಾವ ಕಸ್ಟಮ್ಸ್ ಅಧಿಕಾರಿಯೂ ಯಾವ ಪೊಲೀಸರೂ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಇಂಥ ಕರೆಗಳಿಗೆ ಹೆದರಿ ನಿವೃತ್ತಿಯ ಉಳಿತಾಯವನ್ನೇ ಕಳೆದುಕೊಂಡವರಿದ್ದಾರೆ. ಅಂಥ ಕರೆ ಬಂದರೆ ಒಡನೆಯೇ ಕತ್ತರಿಸಿ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ.